ರೋಗಿಯು ಔಷಧವನ್ನು ಬೇಡವೆಂದಾಗ

(ಯೋಹಾನನ ಸುವಾರ್ತೆ 5:1-9ನ್ನು ಓದಿರಿ)



ಕೊಳದ ಬಳಿಯಲ್ಲಿ 38 ವರುಷ ರೋಗದಿಂದ ಬಿದ್ದಿದ್ದ ಮನುಷ್ಯನನ್ನು ಕರ್ತನು ಕಂಡಾಗ ಒಡನೆ ಅವನನ್ನು ಎಬ್ಬಿಸಲಿಲ್ಲ. ವಾಸಿಯಾಗಲು ಅವನಿಗೆ ಇಷ್ಟವಿದೆಯೋ ಎಂದು ಮೊದಲು ವಿಚಾರಿಸಿದನು. ಗುಣಪಡಿಸುವ ಶಕ್ತಿಯುಳ್ಳವನೇ ರೋಗಿಯನ್ನು ಕೇಳಿದ ಮೇಲೆ ನಾವು ಕೇಳದೆ ಇರಬಹುದೋ?

ಮೂಡಿಗೆರೆ, ಕಳಸ ಸೀಮೆಯ ಕಾಫಿತೋಟದ ಲೈನುಮನೆಗಳಲ್ಲಿ ರೋಗ ಬಂದಾಗ ಕೆಲವರು ಹರಕೆ ಹೊತ್ತು ಸುಮ್ಮನಿರುವರು. ಕೆಲವರು ಮಂತ್ರವಾದಿಯನ್ನು ಕರೆಯುವರು. ನಮ್ಮ ಸಭೆಗಳಲ್ಲಿಯೂ ಪ್ರಾರ್ಥನೆಯೊಂದೇ ಸಾಕು, ಔಷಧ ಕುಡಿಯುವದು ಅವಿಶ್ವಾಸವು ಎನ್ನುವವರುಂಟು. ಇಂಥವರ ಸಂಗಡ ನಾವು ಹೇಗೆ ನಡೆದುಕೊಳ್ಳಬೇಕು?

ಮೊದಲನೆಯದಾಗಿ, ಔಷಧವು ವಿಶ್ವಾಸಕ್ಕೆ ವಿರೋಧವಲ್ಲ. ಅರಸನಾದ ಹಿಜ್ಕೀಯನು ಕಣ್ಣೀರಿಟ್ಟು ಪ್ರಾರ್ಥಿಸಿದನು; ದೇವರು ಕೇಳಿದನು; ಆದರೂ ಪ್ರವಾದಿಯು ಹುಣ್ಣಿಗೆ ಅಂಜೂರದ ಹಣ್ಣಿನ ಉಂಡೆಯನ್ನು ಕಟ್ಟಿಸಿದನು. ಪೌಲನ ಜೊತೆಗಾರನಾದ ಲೂಕನು ವೈದ್ಯನಾಗಿದ್ದನು. ಹೂಮಳೆಗಾಗಿ ದೇವರನ್ನು ಬೇಡುವ ನಾವೇ ಕೊಳೆರೋಗ ಬಾರದಂತೆ ಗಿಡಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಯುತ್ತೇವಲ್ಲವೇ? ಗಿಡಕ್ಕೆ ಸಲ್ಲುವ ಮದ್ದು ದೇವರ ಮಕ್ಕಳ ದೇಹಕ್ಕೆ ಸಲ್ಲದೆಂದು ಯಾಕೆ ಹೇಳಬೇಕು?

ಎರಡನೆಯದಾಗಿ, ಬಲಾತ್ಕಾರವು ನಂಬಿಕೆಯನ್ನು ಹುಟ್ಟಿಸಲಾರದು. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗ ರೋಗಿಗಳನ್ನು ಮನೆಯವರಿಂದ ಅಗಲಿಸಿ ಒಯ್ಯುವರೆಂಬ ಭಯ ಹುಟ್ಟಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದಂಗೆಯೇ ಎದ್ದಿತು. ಭಯಪಟ್ಟವನು ರೋಗವನ್ನು ಬಚ್ಚಿಡುವನು. ಬಚ್ಚಿಟ್ಟ ರೋಗವು ನೆರೆಮನೆಗೂ ಹಬ್ಬುವದು. ಸ್ವಸ್ಥಬುದ್ಧಿಯುಳ್ಳ ವಯಸ್ಕನು ಚಿಕಿತ್ಸೆಯನ್ನು ನಿರಾಕರಿಸಬಹುದೆಂದು ನಮ್ಮ ದೇಶದ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪುಕೊಟ್ಟಿತು. ಆದರೆ ತಿಳಿಯದೆ ಹೇಳಿದ ಬೇಡವೆಂಬ ಮಾತು ನಿಜವಾದ ನಿರಾಕರಣೆಯಲ್ಲ. ರೋಗವೇನು, ಮದ್ದೇನು, ಬಿಟ್ಟರೆ ಬರುವ ಕೇಡೇನು ಎಂಬದನ್ನು ರೋಗಿಯ ಸ್ವಂತ ಭಾಷೆಯಲ್ಲಿ ಸಾವಕಾಶವಾಗಿ ತಿಳಿಸತಕ್ಕದ್ದು. ಅತ್ತೆಯೋ ಗಂಡನೋ ಮೇಸ್ತ್ರಿಯೋ ಅಡ್ಡ ನಿಂತು ಉತ್ತರ ಕೊಡದಂತೆ ಅವರನ್ನೇ ಕೇಳತಕ್ಕದ್ದು. ಎಲ್ಲಾ ತಿಳಿದ ಮೇಲೆಯೂ ಬೇಡವೆಂದರೆ ಹಾಸಿಗೆಯ ಬಳಿಯಿಂದ ಎದ್ದುಹೋಗಬೇಡಿರಿ. ಗಂಜಿ ಕುಡಿಸಿರಿ, ನೋವನ್ನು ತಣಿಸಿರಿ, ನಾಳೆ ಮತ್ತೊಮ್ಮೆ ಮೃದುವಾಗಿ ಕೇಳಿರಿ. ಅವನ ಮನಸ್ಸು ತಿರುಗಿದರೆ ನಿನ್ನೆಯ ಮಾತನ್ನು ಎತ್ತಿ ಹಂಗಿಸಬೇಡಿರಿ.

ಮೂರನೆಯದಾಗಿ, ಒಬ್ಬನು ತನ್ನ ದೇಹದ ವಿಷಯವಾಗಿ ಬೇಡವೆನ್ನಬಹುದು. ಮಗುವಿನ ಪ್ರಾಣದ ವಿಷಯವಾಗಿ ಹಾಗೆನ್ನುವ ಅಧಿಕಾರವು ಯಾರಿಗೂ ಇಲ್ಲ. ಕಾಫಿ ಕೊಯ್ಯುವ ತಾಯಿಯ ಸಂಗಡ ಹೋದ ಕೂಸಿಗೆ ಹಾವು ಕಚ್ಚಿತೆಂದು ನೆನೆಯಿರಿ. ಮಂತ್ರಕ್ಕೆಂದಾಗಲಿ ಪ್ರಾರ್ಥನೆಗೆಂದಾಗಲಿ ಕಾದು ಕೂತರೆ ವಿಷವು ಕಾಯುವದೋ? ವಿಷಹರ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಿರಿ; ದಾರಿಯುದ್ದಕ್ಕೂ ಪ್ರಾರ್ಥಿಸಿರಿ. ಕೂಸು ತನ್ನ ವಿಶ್ವಾಸವನ್ನು ಇನ್ನೂ ಆರಿಸಿಕೊಂಡಿಲ್ಲ. ಆರಿಸಿಕೊಳ್ಳುವಷ್ಟು ಕಾಲ ಅದು ಬದುಕಬೇಡವೇ? ಹಿಂದಿನ ದಿನಗಳಲ್ಲಿ ಸಿಡುಬನ್ನು ಅಮ್ಮನೆಂದು ಕರೆದು, ದಾಕು ಹಾಕಿಸಿದರೆ ಅವಳು ಮುನಿಯುವಳೆಂದು ಮಕ್ಕಳನ್ನು ಅಡಗಿಸುತ್ತಿದ್ದರು. ಆದರೆ ದಾಕು ಊರೂರಿಗೆ ಮುಟ್ಟಿದಾಗ ರೋಗವು ಹಿಂದೆಗೆಯಿತು. 1975ರಲ್ಲಿ ಭಾರತದಿಂದ ಅದು ತೊಲಗಿತು. ಲೋಕವೆಲ್ಲಾ ಅದರಿಂದ ಬಿಡುಗಡೆಯಾಯಿತೆಂದು 1980ರಲ್ಲಿ ಸಾರಲಾಯಿತು. ಅಂದು ತೋಳು ಚಾಚಿದ ಮಕ್ಕಳ ದೆಸೆಯಿಂದ ಇಂದು ನಮ್ಮ ಕೂಸುಗಳ ಮುಖದಲ್ಲಿ ಸಿಡುಬಿನ ಕಲೆಗಳಿಲ್ಲ.

ಆದಕಾರಣ ಪ್ರಿಯರೇ, ರೋಗಿಯ ಮನೆಗೆ ಹೋಗುವಾಗ ಕೇಳುವ ಕಿವಿಯನ್ನೂ ಸತ್ಯವನ್ನು ಮುಚ್ಚಿಡದ ನಾಲಿಗೆಯನ್ನೂ ತೆಗೆದುಕೊಂಡು ಹೋಗಿರಿ. ದೊಡ್ಡವರ ಮನಸ್ಸಾಕ್ಷಿಯನ್ನು ಗೌರವಿಸಿರಿ, ಚಿಕ್ಕವರ ಪ್ರಾಣವನ್ನು ಕಾಯಿರಿ. ರೋಗಿಗಳನ್ನು ಕನಿಕರದಿಂದ ವಿಚಾರಿಸಿದ ಕರ್ತನು ಈ ವಿವೇಕವನ್ನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.