ಜೀರ್ಣೋದ್ಧಾರದ ಧರ್ಮ

‘ಜೀರ್ಣೋದ್ಧಾರ’ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ದೇವಾಲಯ, ಮಠ, ಕೆರೆ, ಕಲ್ಯಾಣಿಗಳು. ಹಳತಾಗಿ ಮೂಲೆಗೆ ಬಿದ್ದ ಮರಗೆಲಸದ ಯಂತ್ರವೊಂದಕ್ಕೆ ಈ ಗಂಭೀರವಾದ ಶಬ್ದವನ್ನು ಬಳಸಬಹುದೆ ಎಂದು ವಾಚಕರು ಕೇಳಬಹುದು. ಬಳಸಬಹುದು, ಅಷ್ಟೇ ಅಲ್ಲ, ಹಾಗೆ ಬಳಸಿ ನೋಡಿದಾಗ ಆ ಶಬ್ದದ ನಿಜಾರ್ಥವೇ ನಮಗೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಜೀರ್ಣವೆಂದರೆ ಸವೆದದ್ದು, ಉದ್ಧಾರವೆಂದರೆ ಮೇಲಕ್ಕೆ ಎತ್ತುವುದು. ಹಿಂದೆ ಇದ್ದಂತೆಯೇ ಮಾಡುವುದು ಎಂಬ ಅರ್ಥ ಆ ಶಬ್ದದಲ್ಲಿಲ್ಲ. ಬಾವಿಗೆ ಬಿದ್ದವನನ್ನು ಉದ್ಧರಿಸಿದೆವೆಂದರೆ, ಬೀಳುವ ಮುನ್ನ ಅವನು ನಿಂತಿದ್ದ ಜಾರುಗಲ್ಲಿನ ಮೇಲೆಯೇ ಮತ್ತೆ ನಿಲ್ಲಿಸಿದೆವೆಂದು ಅರ್ಥವಲ್ಲ. ಈ ಸಣ್ಣ ಭೇದದಲ್ಲಿ ಒಂದು ದೊಡ್ಡ ಧರ್ಮಸೂಕ್ಷ್ಮ ಅಡಗಿದೆ. ಅದನ್ನು ಇಲ್ಲಿ ವಿಚಾರ ಮಾಡೋಣ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳದು ಒಕ್ಕಲುತನದ ಸೀಮೆ. ಇಂಥ ಸೀಮೆಯಲ್ಲಿ ಬಡಗಿಯು ಊರಿನ ಆಯಗಾರರಲ್ಲಿ ಒಬ್ಬನಾಗಿದ್ದನು. ನೇಗಿಲು, ನೊಗ, ಕುಂಟೆ, ಗಾಡಿಯ ಗಾಲಿಗಳನ್ನು ಜಾಲಿಯಂಥ ಗಟ್ಟಿಮರದಲ್ಲಿ ಮಾಡಿಕೊಟ್ಟು, ಸುಗ್ಗಿಯ ಕಾಲದಲ್ಲಿ ಕಣದಿಂದ ತನ್ನ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದನು. ಬಾಚಿ, ಉಳಿ, ಕೊಡತಿ, ಗರಗಸ, ತೋಪಡ, ಬೈರಿಗೆ ಇವೇ ಅವನ ಆಸ್ತಿ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಅದೇ ಕಾವೇರಿಯ ಸೀಮೆಯ ಹಳ್ಳಿಯ ಬಡಗಿಯ ಕೊಟ್ಟಿಗೆಗೆ ಅದು ಬರಲು ದಶಕಗಳೇ ಬೇಕಾದವು. ವಿದ್ಯುತ್ತು ಬಂದ ಮೇಲೆ ಸಣ್ಣ ಬಂಡವಾಳದ ಬಡಗಿಗೆ ಒದಗಿದ ಯಂತ್ರಗಳಲ್ಲಿ ಮುಖ್ಯವಾದದ್ದು ಹಲವು ಕೆಲಸಗಳನ್ನು ಒಂದೇ ಕಡೆ ಮಾಡುವ ಬಹೂಪಯೋಗಿ ಯಂತ್ರ.

ಅದರ ರಚನೆಯನ್ನು ಬಲ್ಲವರು ಅದನ್ನು ಕಂಡಿತವಾಗಿ ಮೆಚ್ಚುತ್ತಾರೆ. ಬೀಡುಕಬ್ಬಿಣದ ಭಾರವಾದ ಒಂದು ಒಡಲು. ಅದರ ನಡುವೆ ಅಲಗುಗಳನ್ನು ಬಿಗಿದ ಒಂದು ಉರುಳೆ. ಉರುಳೆಯ ಮೇಲಿನ ಹಾಸಿನಲ್ಲಿ ಹಲಗೆಯನ್ನು ತಳ್ಳಿದರೆ ಅದರ ಮುಖ ಸಮತಟ್ಟಾಗುತ್ತದೆ. ಉರುಳೆಯ ಕೆಳಗಿನ ಹಾಸಿನ ಮೇಲೆ ತೂರಿಸಿದರೆ ಹಲಗೆ ಉದ್ದಕ್ಕೂ ಒಂದೇ ದಪ್ಪಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಚಕ್ರಾಕಾರದ ಗರಗಸ. ತಿರುಗುವ ದಂಡದ ತುದಿಗೆ ಕೊರೆಯುವ ಅಲಗನ್ನು ಸಿಕ್ಕಿಸಿದರೆ ಬಾಗಿಲಿನ ಚೌಕಟ್ಟಿಗೆ ಬೇಕಾದ ಕುಳಿ ಸಿದ್ಧ. ಒಂದು ಒಡಲು, ಒಂದು ಮೋಟಾರು, ನಾಲ್ಕು ಕಾಯಕ.

ಯಂತ್ರವು ನಮ್ಮ ಸಂಸ್ಕೃತಿಗೆ ಹೊರಗಿನದೆಂದು ಮೂಗು ಮುರಿಯುವವರುಂಟು. ಅಂಥವರು ಕೃಷ್ಣರಾಜಪೇಟೆಯ ಮಗ್ಗುಲಲ್ಲಿರುವ ಹೊಸಹೊಳಲಿಗೆ ಹೋಗಿ, ಸುಮಾರು 1250ರ ಹೊತ್ತಿನ ಲಕ್ಷ್ಮೀನಾರಾಯಣ ದೇವಾಲಯದ ನುಣುಪಾದ ಕಂಬಗಳನ್ನು ನೋಡಬೇಕು. ಹೊಯ್ಸಳರ ಶಿಲ್ಪಿಗಳು ಇಂಥ ಕಂಬಗಳನ್ನು ತಿರುಗಣೆಗೆ ಕೊಟ್ಟು ಕಡೆದರೆಂದು ವಿದ್ವಾಂಸರು ಹೇಳುತ್ತಾರೆ. ಕೈಯ ಕೌಶಲವೂ ತಿರುಗುವ ಯಂತ್ರವೂ ನಮ್ಮಲ್ಲಿ ಎಂದೂ ಶತ್ರುಗಳಾಗಿರಲಿಲ್ಲ. ಆದರೆ ಮರಗೆಲಸದ ಆಧುನಿಕ ಯಂತ್ರಗಳ ಜನ್ಮಸ್ಥಾನ ಇಂಗ್ಲೆಂಡು ಎಂಬುದೂ ನಿಜ. ಶ್ರೀರಂಗಪಟ್ಟಣದಲ್ಲಿ 1792ರ ಒಪ್ಪಂದವಾದ ಮರುವರ್ಷವೇ ಅಲ್ಲಿ ಸ್ಯಾಮ್ಯುಅಲ್ ಬೆಂಥಮ್ ಎಂಬಾತನು ಮರಗೆಲಸದ ಯಂತ್ರಗಳಿಗಾಗಿ ವಿಸ್ತಾರವಾದ ಪೇಟೆಂಟನ್ನು ಪಡೆದನು. ಮುಂದಿನ ದಶಕದಲ್ಲಿ ಪೋರ್ಟ್ಸ್‌ಮತ್ ಬಂದರಿನಲ್ಲಿ ಹಡಗಿನ ಹಗ್ಗದ ರಾಟೆಗಳನ್ನು ಮಾಡುವ ಯಂತ್ರಗಳು ಬಂದಾಗ, ನುರಿತ 110 ಮಂದಿಯ ಕೆಲಸವನ್ನು 10 ಮಂದಿ ಮಾಡಿದರೆಂದು ದಾಖಲೆಯಿದೆ. ಯಂತ್ರವು ಮೊದಲು ಬಂದದ್ದು ಬಡಗಿಯ ಉಪಕಾರಕ್ಕಾಗಿ ಅಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ಅದು ಸಣ್ಣ ಕೊಟ್ಟಿಗೆಯ ಬಡಗಿಯ ಕೈಗೆ ಬಂದ ಮೇಲೆ ಅವನ ಬಂಧುವಾಯಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ತಂದೆಯ ಕಾಲದ ಇಂಥ ಯಂತ್ರವೊಂದು ತುಕ್ಕು ಹಿಡಿದು ಮಗನ ಕೊಟ್ಟಿಗೆಯ ಮೂಲೆಯಲ್ಲಿ ಕುಳಿತಿದೆ ಎಂದಿಟ್ಟುಕೊಳ್ಳಿ. ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು ಸುಲಭ. ಅದನ್ನು ದುರಸ್ತಿ ಮಾಡಲು ತಿಂಗಳುಗಟ್ಟಲೆ ಬೆವರು ಸುರಿಸುವುದು ಧರ್ಮವೋ, ಮೋಹವೋ? ಹಳೆಯದೆಂಬ ಒಂದೇ ಕಾರಣಕ್ಕೆ ಹಳೆಯದನ್ನು ಅಪ್ಪಿಕೊಳ್ಳುವುದು ಮೋಹವೇ ಸರಿ. ನಾಗಮಂಗಲ ಲೋಹದ ವಿಗ್ರಹಗಳ ಎರಕಕ್ಕೆ ಹೆಸರಾದ ಊರು. ಒಡೆದ ಹಿತ್ತಾಳೆಯ ಪಾತ್ರೆಯನ್ನು ಕರಗಿಸಿ ಹೊಸ ರೂಪಕ್ಕೆ ಎರೆಯುವ ಎರಕದವನನ್ನು ಯಾರೂ ಕೃತಘ್ನನೆಂದು ಹಳಿಯುವುದಿಲ್ಲ. ಕರಗಿಸುವುದೂ ಒಂದು ಬಗೆಯ ಉದ್ಧಾರವೇ. ಯಂತ್ರದ ಒಡಲಿನಲ್ಲಿ, ಉರುಳೆಯನ್ನು ಹೊತ್ತ ಜಾಗದಲ್ಲಿಯೇ ಬಿರುಕು ಬಿಟ್ಟಿದ್ದರೆ ಅದಕ್ಕೂ ಕುಲುಮೆಯೇ ಸದ್ಗತಿ; ಬೀಡುಕಬ್ಬಿಣದ ಬಿರುಕನ್ನು ಬೆಸೆದು ನಂಬುವುದು ಕಷ್ಟ. ಆದರೆ ಒಡಲು ಗಟ್ಟಿಯಾಗಿದ್ದು, ಸವೆದದ್ದು ಬೇರಿಂಗು, ಬೆಲ್ಟು, ಅಲಗುಗಳು ಮಾತ್ರವಾಗಿದ್ದರೆ? ನೆಲದಿಂದ ಅದಿರನ್ನು ಅಗೆದು, ಕಲ್ಲಿದ್ದಲನ್ನು ಸುಟ್ಟು, ಎಷ್ಟೋ ಜನರು ಬೆಂಕಿಯ ಮುಂದೆ ನಿಂತು ಎರೆದ ಒಡಲನ್ನು, ಕೈಬೆರಳಿನಷ್ಟು ಭಾಗ ಕೆಟ್ಟಿತೆಂದು ಎಸೆಯುವುದು ದುಂದುಗಾರಿಕೆ. ಪರರ ಶ್ರಮವನ್ನು ಹಗುರವಾಗಿ ಕಾಣುವುದು ಅಧರ್ಮ. ಆದ್ದರಿಂದ ಮೋಹಕ್ಕೂ ಧರ್ಮಕ್ಕೂ ಇರುವ ಗೆರೆ ಇಷ್ಟೇ: ಆ ವಸ್ತು ಮತ್ತೆ ಕಾಯಕಕ್ಕೆ ಬಂದೀತೆ? ಬಂದೀತಾದರೆ ಅದನ್ನು ಎತ್ತುವುದು ಕರ್ತವ್ಯ.

ಎತ್ತುವ ಕೆಲಸವೂ ಒಂದು ಸಾಧನೆಯೇ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಈ ಶತಮಾನದ ಆರಂಭದ ವರ್ಷಗಳಲ್ಲಿ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಗೆ ತಂದು ನಿಲ್ಲಿಸಿದ್ದನ್ನು ವಾಚಕರು ಬಲ್ಲರು. ಕಲ್ಲು ಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ಸಾಗಿಸಿ, ಗುರುತಿನಂತೆಯೇ ಕೂಡಿಸಿದರು. ಯಂತ್ರವನ್ನು ಬಿಚ್ಚುವವನಿಗೂ ಅದೇ ಮೊದಲ ಪಾಠ. ಗುರುತು ಹಾಕದೆ ಬಿಚ್ಚಿದವನು ಕೂಡಿಸಲಾರ. ತುಕ್ಕು ಹಿಡಿದ ಬೋಲ್ಟನ್ನು ಸುತ್ತಿಗೆಯಿಂದ ಬಡಿಯದೆ, ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಅವಸರಪಟ್ಟರೆ ಬೀಡುಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಉರುಳೆಯ ಆಚೆಯ ಹಾಸು ತಿರುಗುವ ಅಲಗಿನ ತುದಿ ತಲುಪುವ ಎತ್ತರಕ್ಕೆ ಸರಿಸಮನಾಗಿರಬೇಕು. ಕೂದಲೆಳೆಯಷ್ಟು ತಗ್ಗಿದರೂ ಹಲಗೆಯ ಕೊನೆಯಲ್ಲಿ ಗುಳಿ ಬೀಳುತ್ತದೆ. ಎದುರುಬದುರಿನ ಅಲಗುಗಳ ತೂಕ ಒಂದೇ ಆಗಿರಬೇಕು. ಹೆಚ್ಚುಕಡಿಮೆಯಾದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉರುಳೆ ಇಡೀ ಒಡಲನ್ನೇ ನಡುಗಿಸುತ್ತದೆ. ಮಟ್ಟಗೋಲು ಯಾರ ಮುಖಸ್ತುತಿಯನ್ನೂ ಮಾಡುವುದಿಲ್ಲ. ಸತ್ಯನಿಷ್ಠೆಯನ್ನು ಕಲಿಸಲು ಅದಕ್ಕಿಂತ ಕಠಿಣವಾದ ಗುರು ಅಪರೂಪ.

ಇಲ್ಲಿ ತತ್ತ್ವಜ್ಞರು ಒಂದು ಹಳೆಯ ಪ್ರಶ್ನೆಯನ್ನು ಎತ್ತುತ್ತಾರೆ. ಬೇರಿಂಗು ಹೊಸದು, ಬೆಲ್ಟು ಹೊಸದು, ಅಲಗು ಹೊಸದು, ಮೋಟಾರೂ ಹೊಸದು. ಹಾಗಾದರೆ ಇದು ಅದೇ ಯಂತ್ರವೆ? ಗ್ರೀಕರು ಥೀಸಿಯಸನ ಹಡಗನ್ನು ಮುಂದಿಟ್ಟು ಇದನ್ನೇ ಕೇಳಿದರು. ಹಲಗೆಗಳೆಲ್ಲ ಬದಲಾದ ಮೇಲೂ ಹಡಗು ಅದೇ ಹೌದೆ ಎಂಬುದು ಅವರ ತರ್ಕ. ಬೌದ್ಧರ ಮಿಲಿಂದಪ್ರಶ್ನೆಯಲ್ಲಿ ನಾಗಸೇನನು ರಥದ ದೃಷ್ಟಾಂತವನ್ನು ಕೊಟ್ಟು, ಗಾಲಿಯಾಗಲಿ ಅಚ್ಚಾಗಲಿ ನೊಗವಾಗಲಿ ತಾನೇ ರಥವಲ್ಲವೆಂದು ದೊರೆಗೆ ಮನಗಾಣಿಸುತ್ತಾನೆ. ನಮ್ಮ ಊರುಗಳ ಜನರು ಇದನ್ನು ತರ್ಕವಿಲ್ಲದೆಯೇ ಬಲ್ಲರು. ತೇರಿನ ಗಾಲಿ ಸವೆದರೆ ಹೊಸ ಗಾಲಿ ಹಾಕುತ್ತಾರೆ. ತೇರು ಅದೇ ತೇರು, ಜಾತ್ರೆ ಅದೇ ಜಾತ್ರೆ. ತೇರಿನ ತೇರುತನ ಇರುವುದು ಅದು ಎಳೆಯಲ್ಪಡುವುದರಲ್ಲಿ. ಹಾಗೆಯೇ ಸಾಧನವೊಂದರ ಸ್ವರೂಪ ಇರುವುದು ಅದರ ಬಿಡಿಭಾಗಗಳಲ್ಲಲ್ಲ, ಅದು ಮಾಡುವ ಸೇವೆಯಲ್ಲಿ.

ಇಷ್ಟನ್ನು ಒಪ್ಪಿದವರೂ ಮುಂದಿನ ಮೆಟ್ಟಿಲಿನಲ್ಲಿ ಎಡವುತ್ತಾರೆ. ಹಳೆಯ ಯಂತ್ರವನ್ನು ಪ್ರೀತಿಸುವವರ ಬಾಯಲ್ಲಿ ‘ಮೊದಲು ಹೇಗಿತ್ತೋ ಹಾಗೆಯೇ ಇರಬೇಕು’ ಎಂಬ ಮಾತು ಸಾಮಾನ್ಯ. ಆದರೆ ಮೊದಲು ಹೇಗಿತ್ತು? ಹಳೆಯ ಕಾಲದ ಅನೇಕ ಯಂತ್ರಗಳಲ್ಲಿ ಅಲಗು ಬಿಗಿದ ಉರುಳೆ ದುಂಡಗಿರಲಿಲ್ಲ, ಚೌಕವಾಗಿತ್ತು. ಚೌಕವು ತಿರುಗುವಾಗ ಅದರ ಚಪ್ಪಟೆಯ ಮಗ್ಗುಲಿಗೂ ಹಾಸಿನ ಅಂಚಿಗೂ ನಡುವೆ ಅಗಲವಾದ ಸಂದು ತೆರೆಯುತ್ತದೆ. ಹಲಗೆ ಜಾರಿ ಕೈ ತಪ್ಪಿದರೆ ಬೆರಳುಗಳು ಆ ಸಂದಿಗೆ ಸೆಳೆಯಲ್ಪಡುತ್ತವೆ. ಉರುಳೆ ದುಂಡಗಿದ್ದರೆ ಸಂದು ಕಿರಿದು. ಗಾಯವಾದರೂ ಕೈಯೇ ಹೋಗುವ ಭಯ ಕಡಮೆ. ಇಷ್ಟು ಸರಳವಾದ ಸಂಗತಿಯನ್ನು ಕಲಿಯಲು ಎಷ್ಟು ಕೈಗಳು ಬೆಲೆ ತೆತ್ತವೋ ಎಣಿಸಿದವರಾರು? ಇಂಗ್ಲೆಂಡು 1922ರ ನಿಯಮಗಳ ಮೂಲಕ, ಕೈಯಿಂದ ತಳ್ಳಿ ಹಲಗೆಯ ಮುಖವನ್ನು ಸಮತಟ್ಟು ಮಾಡುವ ಯಂತ್ರಗಳಿಗೆ ದುಂಡು ಉರುಳೆಯನ್ನು ಕಡ್ಡಾಯ ಮಾಡಿತು.

ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ 21ನೆಯ ಪ್ರಕರಣವು ಯಂತ್ರದ ಅಪಾಯಕರ ಭಾಗಗಳಿಗೆ ಭದ್ರವಾದ ಮರೆ ಇರಬೇಕೆಂದು ವಿಧಿಸಿತು. ಆದರೆ ವಿದ್ಯುತ್ತನ್ನು ಬಳಸುವೆಡೆಯಲ್ಲಿ ಸಾಮಾನ್ಯವಾಗಿ ಹತ್ತು ಮಂದಿ ಕೆಲಸಗಾರರಾದರೂ ಇದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಹೊಸ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ತಂದೆ, ಮಗ, ಕೆಲಸ ಕಲಿಯಲು ಬಂದ ಒಬ್ಬ ತರುಣ, ಹೀಗೆ ಮೂವರಿರುವ ಹಳ್ಳಿಯ ಕೊಟ್ಟಿಗೆ ಎರಡು ಲೆಕ್ಕಕ್ಕೂ ಹೊರಗೆ. ಕಾಯಿದೆಯ ಕೈ ನಿಲುಕದ ಆ ಜಾಗದಲ್ಲಿ ಉಳಿಯುವುದು ಯಜಮಾನನ ಅಂತಃಸಾಕ್ಷಿಯೊಂದೇ. ಕಾಯಿದೆ ಮುಗಿದಲ್ಲಿಂದ ಧರ್ಮ ಆರಂಭವಾಗುತ್ತದೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಹಾಗಾದರೆ ಮೂಲರೂಪಕ್ಕೆ ಬೆಲೆಯೇ ಇಲ್ಲವೆ ಎಂದು ಕೇಳಬಹುದು. ಇದೆ; ಆದರೆ ಸ್ಮಾರಕಕ್ಕೂ ಸಾಧನಕ್ಕೂ ಭೇದವನ್ನು ತಿಳಿಯಬೇಕು. 1784ರಲ್ಲಿ ಕಟ್ಟಿದ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ತೇಗದ ಕಂಬಗಳನ್ನು ನಾವು ಇದ್ದಂತೆ ಕಾಪಾಡಬೇಕು. ಅವು ಗತಕಾಲದ ಸಾಕ್ಷಿಗಳು, ಅವುಗಳಿಗೆ ಯಾರೂ ದಿನವೂ ಬೆರಳೊಡ್ಡುವುದಿಲ್ಲ. ಅದೇ ಊರಿನಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಜೋಡಿ ರೈಲು ಮಾರ್ಗಕ್ಕೆ ಅಡ್ಡವಾದಾಗ, 2017ರಲ್ಲಿ ಅದನ್ನು ಕೆಡವದೆ, ಇಡಿಯಾಗಿ ಎತ್ತಿ ನೂರಾರು ಅಡಿ ಆಚೆಗೆ ಸರಿಸಿ ನಿಲ್ಲಿಸಿದರು. ಇಟ್ಟಿಗೆ ಗಾರೆಗಳನ್ನು ಅಷ್ಟು ಜತನದಿಂದ ಉಳಿಸಿದವರು ಅದರೊಳಗೆ ಮತ್ತೆ ಮದ್ದನ್ನು ತುಂಬಿಡಲಿಲ್ಲ! ಮದ್ದಿಲ್ಲದ್ದರಿಂದ ಆ ಕಟ್ಟಡದ ಗೌರವ ಕುಂದಿತೆಂದು ಯಾರೂ ಹೇಳುವುದಿಲ್ಲ. ಸ್ಮಾರಕದಲ್ಲಿಯೇ ಇಷ್ಟು ವಿವೇಕ ಬೇಕಾದರೆ, ನಿತ್ಯವೂ ಜೀವಂತ ಕೈಗಳು ಸೋಕುವ ಸಾಧನದಲ್ಲಿ ಎಷ್ಟು ಬೇಕು? ಉಳಿಸಬೇಕಾದದ್ದು ಒಡಲು, ಮದ್ದನ್ನಲ್ಲ.

ಆದುದರಿಂದ ಹಳೆಯ ಯಂತ್ರವನ್ನು ಎತ್ತಿ ನಿಲ್ಲಿಸುವ ಬಡಗಿ ಬಾಂಧವರು ಅದರ ಬೀಡುಕಬ್ಬಿಣದ ಒಡಲನ್ನು ಕಾಪಾಡಲಿ, ತಂದೆಯ ಕೈ ಸವೆಸಿದ ಹಿಡಿಯನ್ನು ಹಾಗೆಯೇ ಇಡಲಿ. ಚೌಕದ ಉರುಳೆಯನ್ನು ಮಾತ್ರ ತೆಗೆದು, ಬಲ್ಲವರಿಂದ ಮಾಡಿಸಿದ ದುಂಡು ಉರುಳೆಯನ್ನು ಕೂಡಿಸಲಿ. ಅದರ ಮೇಲೆ ಮರೆಯನ್ನೂ, ಬೆಲ್ಟಿಗೆ ಗೂಡನ್ನೂ ಹಾಕಲಿ. ಗರಗಸದ ಹಿಂಬದಿಯಲ್ಲಿ ಸೀಳಿದ ಹಲಗೆ ಮತ್ತೆ ಕೂಡಿ ಅಲಗನ್ನು ಕಚ್ಚದಂತೆ ತಡೆಯುವ ಉಕ್ಕಿನ ಪಟ್ಟಿಯನ್ನು ನಿಲ್ಲಿಸಲಿ. ಅದಿಲ್ಲದಿದ್ದರೆ ಹಲಗೆ ಬಾಣದಂತೆ ಹಿಂದಕ್ಕೆ ಚಿಮ್ಮಿ ಬರುತ್ತದೆ. ಕೈಗೆ ಒಡನೆ ಎಟುಕುವಲ್ಲಿ ನಿಲುಗಡೆಯ ಗುಂಡಿ ಇರಲಿ. ಸಣ್ಣ ತುಂಡುಗಳನ್ನು ತಳ್ಳಲು ಬೆರಳಿನ ಬದಲು ಮರದ ಕೋಲಿರಲಿ. ‘ನಮ್ಮಪ್ಪ ಇವಾವುದೂ ಇಲ್ಲದೆ ನಲವತ್ತು ವರ್ಷ ದುಡಿದ’ ಎಂಬ ಮಾತು ಅಪ್ಪನ ಧೈರ್ಯಕ್ಕೆ ಸಾಕ್ಷಿಯಾದೀತೇ ಹೊರತು, ಕೆಲಸ ಕಲಿಯಲು ಬಂದ ಪರರ ಮಗನ ಬೆರಳನ್ನು ಪಣಕ್ಕಿಡಲು ಅಧಿಕಾರಪತ್ರವಾಗದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಗಿಯೂ ಇದ್ದನು. ಅವನ ಬಾಚಿಯೇ ಅವನ ಹೆಸರಿಗೆ ಭೂಷಣವಾಯಿತು. ಕಾಯಕಕ್ಕೆ ಅಂಥ ಘನತೆಯನ್ನು ಕೊಟ್ಟ ನಾಡಿನಲ್ಲಿ ಕಾಯಕ ಮಾಡುವ ಕೈ ಎಲ್ಲ ಸಾಧನಗಳಿಗಿಂತ ಮೇಲಿನದು. ಯಂತ್ರದ ಈ ನ್ಯಾಯವು ಹಿರಿಯರಿಂದ ಬಂದ ಆಚಾರಗಳಿಗೂ, ಸಂಸ್ಥೆಗಳಿಗೂ, ಮಠಗಳಿಗೂ ಸಲ್ಲುತ್ತದೆ. ಎಲ್ಲವನ್ನೂ ಗುಜರಿಗೆ ಎಸೆಯುವವನು ಕೃತಘ್ನ. ಎಲ್ಲವನ್ನೂ ಇದ್ದಂತೆಯೇ ಉಳಿಸುವೆನೆನ್ನುವವನು ಕುರುಡ. ಗಟ್ಟಿಯಾದ ಒಡಲನ್ನು ಉಳಿಸಿಕೊಂಡು, ಮನುಷ್ಯರನ್ನು ಗಾಯಗೊಳಿಸುವ ಚೌಕದ ಉರುಳೆ ಯಾವುದೆಂದು ನಿರ್ಭಯವಾಗಿ ಗುರುತಿಸಿ ಬದಲಿಸುವವನೇ ಹಿರಿಯರಿಗೆ ನಿಜವಾದ ಉತ್ತರಾಧಿಕಾರಿ. ಅದೇ ಜೀರ್ಣೋದ್ಧಾರದ ಧರ್ಮ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿದ ಸಾಧನವಿದ್ದವರು ಅದನ್ನು ಈ ದೃಷ್ಟಿಯಿಂದ ಒಮ್ಮೆ ನೋಡಲಿ. ಅವರ ಯಂತ್ರಗಳು ಮತ್ತೆ ತಿರುಗಲಿ, ಅವುಗಳ ಮುಂದೆ ನಿಂತ ಕೈಗಳ ಹತ್ತೂ ಬೆರಳುಗಳು ಸುಖವಾಗಿರಲಿ ಎಂದು ಹಾರೈಸುತ್ತೇವೆ.