ಗುಡ್ಡದ ಮೇಲಿನ ಎರಡು ಕಡ್ಡಿ

ಅಮೆರಿಕದಲ್ಲಿ ಆರ್‌ವಿ ಎಂಬ ಮನೆಗಾಡಿ ಹತ್ತಿ ವಾರಗಟ್ಟಲೆ ಸುತ್ತಾಡುವ ಕನ್ನಡ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಯೆಲ್ಲೋಸ್ಟೋನ್‌ಗೋ ಯೊಸೆಮಿಟಿಗೋ ಹೊರಡುವಾಗ ದಿನಸಿ ಪಟ್ಟಿಗಿಂತ ಮೊದಲು ಫೋನಿನ ಚರ್ಚೆ ಶುರುವಾಗುತ್ತದೆ. ಯಾವ ಕಂಪನಿಯ ಸಿಗ್ನಲ್ ಎಲ್ಲಿಯವರೆಗೆ ಬರುತ್ತದೆ, ಹಾಟ್‌ಸ್ಪಾಟ್‌ಗೆ ಎಷ್ಟು ಡೇಟಾ ಹಾಕಿಸಬೇಕು, ಗಾಡಿಯ ನೆತ್ತಿಗೆ ಬೂಸ್ಟರ್ ಬೇಕೋ ಸ್ಟಾರ್‌ಲಿಂಕ್ ಸಾಕೋ. ಇವೇ ಕುಟುಂಬಗಳು ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಹಿಡಿದು ಮಲೆನಾಡಿನ ಕಡೆ ಹೊರಡುವುದು ಇತ್ತೀಚಿನ ರೂಢಿ. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು. ನಮ್ಮಲ್ಲಿಯೂ ಬಾಡಿಗೆ ಗಾಡಿಗಳು ಸಿಗುತ್ತಿವೆ. ಹೊರಡುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: ‘ಸಕಲೇಶಪುರದಲ್ಲಿ ನೆಟ್ ಸಿಗುತ್ತಾ?’

ನನ್ನ ಅಜ್ಜಿಯ ತವರು ಸಕಲೇಶಪುರದ ಪಕ್ಕದ ಆಲೂರು ತಾಲ್ಲೂಕು. ಆ ಸೀಮೆಯನ್ನು ಬಸ್ಸಿನಲ್ಲಿ, ಜೀಪಿನಲ್ಲಿ, ಈಚೆಗೆ ಕ್ಯಾರವಾನಿನಲ್ಲಿಯೂ ಸುತ್ತಿದ ಅನುಭವದಿಂದ ಹೇಳುವುದಾದರೆ, ಸಿಗುತ್ತದೆ. ಆದರೆ ಗುಡ್ಡ ಕೊಟ್ಟಷ್ಟು.

ಹಾಸನದಿಂದ ಆಲೂರು, ಬಾಳ್ಳುಪೇಟೆ ದಾಟುವವರೆಗೆ ಚಿಂತೆಯಿಲ್ಲ. ಹೆದ್ದಾರಿಯುದ್ದಕ್ಕೂ ಟವರುಗಳಿವೆ, ಹಿಂದಿನ ಸೀಟಿನಲ್ಲಿ ಮಕ್ಕಳು ವಿಡಿಯೊ ನೋಡುತ್ತಲೇ ಇರಬಹುದು. ಹೇಮಾವತಿ ಸೇತುವೆ ದಾಟಿ ಸಕಲೇಶಪುರ ಪೇಟೆ ಹೊಕ್ಕರೂ ಅಷ್ಟೇ. ಪೇಟೆ ಬಿಟ್ಟ ಮೇಲೆ ಕಥೆ ಬೇರೆ. ಹಾನುಬಾಳಿನ ಕಡೆ ತಿರುಗಿ, ಇಲ್ಲವೇ ಹೆತ್ತೂರು ದಾರಿ ಹಿಡಿದು ಬಿಸಿಲೆಗೆ ಹೋಗಿ, ಇಲ್ಲವೇ ದೋಣಿಗಾಲ್ ದಾಟಿ ಶಿರಾಡಿ ಘಾಟಿಗೆ ಇಳಿಯಿರಿ: ಒಂದೊಂದು ತಿರುವಿಗೂ ಫೋನಿನ ಕಡ್ಡಿಗಳು ಒಂದೊಂದಾಗಿ ಕಳಚುತ್ತವೆ.

ಮೊಬೈಲಿನ ಅಲೆಗೆ ಎದುರಿಗೆ ತೆರವಾದ ಜಾಗ ಬೇಕು. ಟವರಿಗೂ ಫೋನಿಗೂ ನಡುವೆ ಒಂದು ಗುಡ್ಡದ ಏಣು ಬಂದರೆ ಅದರಾಚೆಯ ಕಣಿವೆಗೆ ನೆರಳು ಬಿದ್ದಂತೆ. 700, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆಗಳು ಸ್ವಲ್ಪ ಬಾಗಿ, ಬಳಸಿ, ದೂರ ಹೋಗುತ್ತವೆ. 2300ರಂಥ ಮೇಲಿನವು ಹೆಚ್ಚು ಡೇಟಾ ಹೊರುತ್ತವಾದರೂ ಗುಡ್ಡಕ್ಕೆ, ಮರಕ್ಕೆ ಬೇಗ ಸೋಲುತ್ತವೆ. ಕಾಫಿ ತೋಟವೆಂದರೆ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಕೆಳಗೆ ಕಾಫಿ. ಮಳೆ ನಿಂತ ಮೇಲೂ ತಾಸುಗಟ್ಟಲೆ ಒದ್ದೆಯಾಗಿಯೇ ಇರುವ ಆ ಎಲೆಗಳ ಚಪ್ಪರ ಸಿಗ್ನಲನ್ನು ಹೀರಿಕೊಳ್ಳುತ್ತದೆ. ಟಿಪ್ಪು ಸುಲ್ತಾನ 1792ರಲ್ಲಿ ಮಂಗಳೂರು ದಾರಿಯ ಮೇಲೆ ಕಣ್ಣಿಡಲು ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ್ದೂ ಗುಡ್ಡದ ತಲೆಯ ಮೇಲೇ. ಎತ್ತರದಲ್ಲಿದ್ದವನಿಗೆ ಮಾತ್ರ ಈ ಸೀಮೆ ಕಾಣುತ್ತದೆ, ಟವರಿಗೂ ಅದೇ ನಿಯಮ.

ಹಾಗಾಗಿ ಇಲ್ಲಿನವರೆಲ್ಲ ತಮ್ಮ ತಮ್ಮ ತೋಟದ ಸಿಗ್ನಲ್ ನಕ್ಷೆಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಹೆತ್ತೂರು ಕಡೆಯ ಒಂದು ತೋಟದ ಅಂಗಳದಲ್ಲಿ ನಮ್ಮ ಕ್ಯಾರವಾನ್ ನಿಲ್ಲಿಸಿದಾಗ ಅಲ್ಲಿನ ಲೆಕ್ಕ, ಕೂಲಿ ನೋಡಿಕೊಳ್ಳುವ ರೈಟರ್ ನಾನು ಕೇಳುವ ಮೊದಲೇ ಹೇಳಿದರು: ‘ಸಾರ್, ಮನೆ ಹತ್ರ ಏನೂ ಬರಲ್ಲ. ಕಣದ ಆ ಮೂಲೇಲಿ ನಿಂತ್ರೆ ಬಿಎಸ್ಸೆನ್ನೆಲ್ ಎರಡು ಕಡ್ಡಿ ಬರ್ತದೆ. ಅದಕ್ಕಿಂತ ಬೇಕಂದ್ರೆ ಗುಡ್ಡ ಹತ್ಬೇಕು.’ ಕಾಫಿ ಒಣಹಾಕಿದ ಕಣದ ಅಂಚಿನಲ್ಲಿ ನಡೆದುಹೋಗಿ ನೋಡಿದೆ. ಮೂಲೆಯ ಕಂಬಕ್ಕೆ ಯಾರೋ ಮೊಳೆ ಹೊಡೆದು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅಡ್ಡ ಕೊಯ್ದು ಕಟ್ಟಿದ್ದರು. ಫೋನ್ ಇಡಲು. ಮಳೆಗೆ ನೆನೆಯದ ಹಾಗೆ ಬಾಯಿ ಕೆಳಮುಖ ಮಾಡಿತ್ತು.

ಆ ಡಬ್ಬಿ ಅತಿಥಿಗಳಿಗೆಂದು ಕಟ್ಟಿದ್ದಲ್ಲ. ಮಾರನೇ ದಿನ ಬೆಳಗ್ಗೆ ಅದು ಏಕೆಂದು ಗೊತ್ತಾಯಿತು. ಕೂಲಿಯವರ ಲೈನ್ ಮನೆಗಳಿಂದ ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು, ಸೊಂಟಕ್ಕೆ ಚೀಲ ಕಟ್ಟಿ ಕಣದಲ್ಲಿ ಬಂದು ನಿಂತರು. ಯಾರೂ ತೋಟಕ್ಕೆ ಇಳಿಯಲಿಲ್ಲ. ರೈಟರ್ ಕಂಬದ ಹತ್ತಿರ ಹೋಗಿ ಫೋನ್ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಓದಿ, ದೊಡ್ಡ ದನಿಯಲ್ಲಿ ಹೇಳಿದರು: ‘ಗುಂಪು ರಾತ್ರಿ ಹಳ್ಳ ದಾಟಿ ಈಚೆಗೆ ಬಂದದೆ. ಕೆಳಗಿನ ಬ್ಲಾಕ್ ಬೇಡ. ಇವತ್ತು ಎಲ್ಲಾ ಮೇಲೇ ಕೊಯ್ರಿ.’ ಅಷ್ಟಾದ ಮೇಲೆ ಸಾಲು ಮೇಲಿನ ಕಡೆ ನಡೆಯಿತು.

ಹಾಸನದ ಹೊರಗಿನವರಿಗೆ ಇದನ್ನು ವಿವರಿಸಬೇಕು: ಗುಂಪೆಂದರೆ ಆನೆಗಳ ಗುಂಪು. ಆಲೂರು–ಸಕಲೇಶಪುರ ಸೀಮೆಯ ಆನೆಗಳು ದೊಡ್ಡ ಕಾಡಿನಿಂದ ಒಮ್ಮೊಮ್ಮೆ ಬಂದುಹೋಗುವವಲ್ಲ. ತೋಟಗಳಲ್ಲೇ ಇವೆ. ಹಗಲು ಕಾಫಿ ಗಿಡಗಳ ನೆರಳಿನಲ್ಲಿ ನಿಂತು, ಸಂಜೆಯ ಮೇಲೆ ಗದ್ದೆಗೆ, ಬಾಳೆಗೆ, ಕೆರೆಗೆ ಇಳಿಯುತ್ತವೆ. ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಗಿಡಗಳ ಮರೆಯಲ್ಲಿ ಕಾಣುವುದಿಲ್ಲ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕೂಲಿಯವರು, ನೀರು ಬಿಡಲು ಹೋದ ರೈತರು, ಬೈಕಿನಲ್ಲಿ ಮನೆಗೆ ಹೊರಟವರು ಪ್ರಾಣ ಕಳೆದುಕೊಂಡ ಸುದ್ದಿ ವರ್ಷವರ್ಷವೂ ಬರುತ್ತದೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದ್ದೂ ಆಯಿತು, ಬೇರೆ ಆನೆಗಳು ಬಂದವು. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ವಿದೇಶದಲ್ಲಿ ಕುಳಿತು ನಾವೆಲ್ಲ ಆ ವಿಡಿಯೊಗಳನ್ನು ನೋಡಿ ಕಣ್ಣೀರು ಹಾಕಿದೆವು.

ಇಷ್ಟರ ನಡುವೆ ನಿಜಕ್ಕೂ ಜೀವ ಉಳಿಸುತ್ತಿರುವ ಉಪಾಯವೆಂದರೆ ಮುನ್ಸೂಚನೆ. ಗುಂಪಿನ ಹಿರಿಯ ಹೆಣ್ಣಾನೆಯ ಕೊರಳಿಗೆ ರೇಡಿಯೊ ಕಾಲರ್ ಹಾಕುತ್ತಾರೆ. ಅದು ಉಪಗ್ರಹದ ಮೂಲಕ ತಾನಿರುವ ಜಾಗ ತಿಳಿಸುತ್ತದೆ. ಅರಣ್ಯ ಇಲಾಖೆಯ ಸಿಬ್ಬಂದಿ ಹೆಜ್ಜೆ, ಲದ್ದಿ, ಮುರಿದ ಬೈನೆ ಮರ ನೋಡಿಕೊಂಡು ಬೆನ್ನು ಹತ್ತುತ್ತಾರೆ. ಬೀಟಮ್ಮನ ಗುಂಪು ಎಲ್ಲಿದೆ, ಭೀಮ ಯಾವ ಕಡೆ ನಡೆದ ಎಂಬುದು ಎಸ್ಸೆಮ್ಮೆಸ್ಸಾಗಿ, ವಾಟ್ಸ್ಯಾಪ್ ಗುಂಪಿನ ಸಂದೇಶವಾಗಿ ಹಳ್ಳಿಗೆ ಬರುತ್ತದೆ. ಆನೆಗಳಿಗೆ ಹೆಸರಿಟ್ಟವರು ಊರವರು ಮತ್ತು ಇಲಾಖೆಯವರೇ. ದಿನಾ ಹೆಸರು ಹಿಡಿದು ವಿಚಾರಿಸಿಕೊಳ್ಳಬೇಕಾದವರೊಂದಿಗೆ ಬದುಕುವ ಕ್ರಮ ಅದು.

ಎಸ್ಸೆಮ್ಮೆಸ್ಸಿಗೆ 2ಜಿಯ ಒಂದು ಕಡ್ಡಿ ಇದ್ದರೂ ಸಾಕು. ವಾಟ್ಸ್ಯಾಪಿಗೆ ಡೇಟಾ ಬೇಕು. ಆರು ಗಂಟೆಗೆ ಕಳಿಸಿದ ಸಂದೇಶ ಹತ್ತು ಗಂಟೆಗೆ ಗುಡ್ಡ ಹತ್ತಿದಾಗ ಒಟ್ಟಿಗೇ ಬಂದು ಬಿದ್ದರೆ ಅದು ಸುದ್ದಿಯಲ್ಲ. ಅಷ್ಟರಲ್ಲಿ ಆನೆ ಇನ್ನೊಂದು ತೋಟದಲ್ಲಿರುತ್ತದೆ, ಹೆಂಗಸರೂ ಅಲ್ಲಿಯೇ ಇರಬಹುದು. ನಮ್ಮಂಥ ಪ್ರವಾಸಿಗರಿಗೆ ನೆಟ್ ಇಲ್ಲದಿದ್ದರೆ ಒಂದು ಸಂಜೆಯ ಬೇಸರ. ಅದೇ ಎರಡು ಕಡ್ಡಿ ಆ ಕಣದಲ್ಲಿ ನಿಂತವರ ಬೆಳಗಿನ ದಾರಿಯನ್ನು ನಿರ್ಧರಿಸುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ‘ಸಕಲೇಶಪುರದಲ್ಲಿ ನೆಟ್ ಸಿಗುತ್ತಾ’ ಎಂಬ ಪ್ರಶ್ನೆಯನ್ನು ನನ್ನ ರಜೆಯ ಲೆಕ್ಕದಲ್ಲಿ ಕೇಳಲು ನನ್ನಿಂದಾಗಿಲ್ಲ.

ಬಹಳ ಹಿಂದೇನೂ ಅಲ್ಲ, ಈ ಸೀಮೆಯಿಂದ ಹೊರಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಸಾವಿನ ಸುದ್ದಿ, ಹೆರಿಗೆಯ ಸುದ್ದಿ ತಂತಿಯಲ್ಲಿ ಬರುತ್ತಿತ್ತು. ಆ ತಂತಿ ಸೇವೆಯನ್ನು 2013ರ ಜುಲೈಯಲ್ಲಿ ದೇಶದಾದ್ಯಂತ ನಿಲ್ಲಿಸಿದರು. ಬಿರುಮಳೆಗೆ ಮರ ಬಿದ್ದು ತೋಟದ ಲ್ಯಾಂಡ್‌ಲೈನ್ ತಂತಿ ಹರಿದರೆ ಸರಿಯಾಗುವಷ್ಟರಲ್ಲಿ ಮಳೆಗಾಲವೇ ಮುಗಿಯುತ್ತಿತ್ತು. ಮೊಬೈಲ್ ಬಂದಮೇಲೆ ಅವೆಲ್ಲ ಒಂದೊಂದಾಗಿ ಸತ್ತವು, ಆದರೆ ಮೊಬೈಲ್ ಎಲ್ಲ ಕಡೆಗೂ ಬರಲಿಲ್ಲ. ಹಳೆಯದು ಹೋಗಿ ಹೊಸದು ತಲುಪದ ಕಣಿವೆಗಳೇ ಇವತ್ತು ಹೆಚ್ಚು ಒಂಟಿಯಾಗಿರುವುದು. ಕೊರೊನಾ ಕಾಲದಲ್ಲಿ ಅದು ಎಲ್ಲರಿಗೂ ಕಂಡಿತು. ಘಟ್ಟದ ಕೆಳಗೆ ಸುಳ್ಯ ತಾಲ್ಲೂಕಿನ ಗುತ್ತಿಗಾರಿನ ಬಳಿ 2021ರ ಜೂನ್‌ನಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೂ ನೋಡಿರುತ್ತೀರಿ.

ಟವರ್ ಇದ್ದರೂ ಸಾಲದು ಎಂಬುದು ಮಳೆಗಾಲದ ಪಾಠ. ಕರೆಂಟು ಹೋದರೆ ಟವರ್ ಬ್ಯಾಟರಿಯ ಮೇಲೆ ಕೆಲವು ತಾಸು ಓಡುತ್ತದೆ. ಆಮೇಲೆ ಜನರೇಟರಿಗೆ ಡೀಸೆಲ್ ತುಂಬಲು ಯಾರಾದರೂ ಗುಡ್ಡ ಹತ್ತಬೇಕು. 2018ರ ಆಗಸ್ಟಿನಲ್ಲಿ, ಮತ್ತೆ 2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತು. ಎಡಕುಮೇರಿ ಬಳಿ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿತು. ಜನರಿಗೆ ಫೋನ್ ಹೆಚ್ಚು ಬೇಕಾದದ್ದು ಅಂಥ ದಿನಗಳಲ್ಲೇ.

ಕ್ಯಾರವಾನಿನಲ್ಲಿ ಬರುವವರಿಗೆ ಕೆಲವು ಮಾತುಗಳನ್ನು ನೇರವಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಬೂಸ್ಟರಿಗೆ 2013ರಿಂದ ನಿಯಮಬದ್ಧ ಅವಕಾಶವಿದೆ. ಭಾರತದಲ್ಲಿ ಖಾಸಗಿಯವರು ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಅದರಿಂದ ಸುತ್ತಲಿನವರ ಸಿಗ್ನಲ್ ಕೆಡುತ್ತದೆ. ಉಪಗ್ರಹ ಫೋನ್, ಚಾರಣಿಗರು ಒಯ್ಯುವ ಉಪಗ್ರಹ ಸಂದೇಶ ಸಾಧನ, ಇವನ್ನು ಅನುಮತಿಯಿಲ್ಲದೆ ತಂದವರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ. ಸ್ಟಾರ್‌ಲಿಂಕಿಗೆ 2025ರ ಜೂನ್‌ನಲ್ಲಿ ಇಲ್ಲಿ ಪರವಾನಗಿ ಸಿಕ್ಕಿತು, ಆದರೆ ಅಲ್ಲಿ ಕೊಂಡ ಡಿಶ್ಶನ್ನು ತಂದು ಇಲ್ಲಿ ಬಿಚ್ಚಿಡಲು ಅದು ಅನುಮತಿಯಲ್ಲ. ಬಿಎಸ್ಸೆನ್ನೆಲ್ ಒಂದು, ಖಾಸಗಿ ಕಂಪನಿಯದು ಒಂದು, ಹೀಗೆ ಎರಡು ಸಿಮ್ ಇರಲಿ. ಒಂದರ ನೆರಳು ಬಿದ್ದಲ್ಲಿ ಇನ್ನೊಂದು ನಡೆಯುತ್ತದೆ. ನಕ್ಷೆಯನ್ನು ಹಾಸನದಲ್ಲೇ ಇಳಿಸಿಕೊಳ್ಳಿ. ಕೈಯಲ್ಲಿ ನಗದಿರಲಿ, ಗುಡ್ಡದ ಟೀ ಅಂಗಡಿಯಲ್ಲಿ ಯುಪಿಐ ಚೌಕ ಅಂಟಿಸಿದ್ದರೂ ನೆಟ್ ಇರಬೇಕಲ್ಲ. ಕಡ್ಡಿ ಬಂದಿತೆಂದು ರಸ್ತೆ ಬದಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯುವುದು ಮಾತ್ರ ಬೇಡವೇ ಬೇಡ. ಅದು ಆನೆಯ ದಾರಿಯಾಗಿರಬಹುದು. ಯಾರದಾದರೂ ಅಂಗಳದಲ್ಲಿ ಕೇಳಿ ನಿಲ್ಲಿಸಿ, ಊರಿನ ಆನೆ ಸಂದೇಶದ ಗುಂಪಿನಲ್ಲಿ ಇವತ್ತು ಏನು ಬಂದಿದೆಯೆಂದು ವಿಚಾರಿಸಿ, ಆಮೇಲೆ ಮಲಗಿ. 112 ಯಾವ ಕಂಪನಿಯ ಸಿಗ್ನಲ್ ಇದ್ದರೂ ಹೋಗುತ್ತದೆ. ಅರಣ್ಯ ಸಹಾಯವಾಣಿ 1926.

ಈಗ ನನ್ನ ಮುಖ್ಯ ಮಾತು. ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಒಯ್ಯಲು ಕೇಂದ್ರ ಸಂಪುಟ 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಣ ಇದ್ದರೂ ಟವರ್ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಎತ್ತರದಲ್ಲಿ ಒಂದಿಷ್ಟು ಜಾಗ, ಕರೆಂಟಿನ ಕಂಬ, ಡೀಸೆಲ್ ಒಯ್ಯಲು ಜೀಪು ಹೋಗುವ ದಾರಿ ಬೇಕು. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ನಮ್ಮ ಕಡೆಯ ಆ ಎತ್ತರದ ಜಾಗಗಳಲ್ಲಿ ಅರಣ್ಯವಲ್ಲದ್ದು ಬಹುಪಾಲು ತೋಟ. ಎಷ್ಟೋ ತೋಟಗಳ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ. ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಆಗಿಲ್ಲ, ವಿಭಾಗವಾಗಿಲ್ಲ. ಮಕ್ಕಳು ಒಬ್ಬರು ಬೆಂಗಳೂರು, ಒಬ್ಬರು ನ್ಯೂಜೆರ್ಸಿ, ಒಬ್ಬರು ಸಿಡ್ನಿ. ಕಂಪನಿಯವರು ಜಾಗ ನೋಡಿ ಒಪ್ಪಿದರೂ ಕರಾರಿಗೆ ಸಹಿ ಹಾಕುವವರು ಯಾರು? ಕಡತ ಅಲ್ಲಿಗೇ ನಿಲ್ಲುತ್ತದೆ. ಕೆಳಗಿನ ಲೈನ್ ಮನೆಯವರು ಕಂಬಕ್ಕೆ ಡಬ್ಬಿ ಕಟ್ಟಿಕೊಳ್ಳುತ್ತಾರೆ.

ಇದನ್ನು ಓದುತ್ತಿರುವವರಲ್ಲಿ ಆಲೂರು, ಸಕಲೇಶಪುರದ ತೋಟಗಳ ಪಾಲುದಾರರು ಖಂಡಿತ ಇದ್ದೀರಿ. ಈ ಸಲ ರಜೆಗೆ ಹೋದಾಗ ಪೌತಿ ಖಾತೆಗೆ ಅರ್ಜಿ ಕೊಟ್ಟು ಬನ್ನಿ. ಹೋಗಲಾಗದಿದ್ದರೆ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ಕಳಿಸಿ. ಟವರಿಗೆ ಜಾಗ ಕೇಳಿ ಬಂದರೆ ಒಪ್ಪಿಕೊಳ್ಳಿ. ಮುಂಗಡ ಹಣ ಕೊಡಿ ಎಂದು ಫೋನ್ ಮಾಡುವವರನ್ನು ಮಾತ್ರ ನಂಬಬೇಡಿ. ಟವರ್ ಹಾಕುವ ಕಂಪನಿ ಜಾಗದವರಿಗೆ ಬಾಡಿಗೆ ಕೊಡುತ್ತದೆ, ಅವರಿಂದ ಹಣ ಕೇಳುವುದಿಲ್ಲ. ಹೀಗೆ ಹಣ ಕೀಳುವವರ ಬಗ್ಗೆ ದೂರಸಂಪರ್ಕ ಇಲಾಖೆ, ಟ್ರಾಯ್ ಎರಡೂ ಎಚ್ಚರಿಸಿವೆ. ಬಂದ ಬಾಡಿಗೆಯಲ್ಲಿ ಒಂದು ಪಾಲನ್ನು ಅದೇ ಟವರಿಗೆ ಸೋಲಾರ್ ಬ್ಯಾಟರಿಯ ನೆರವಾಗಿ ಕೊಡಲು ಸಾಧ್ಯವೇ ಎಂದೂ ಕರಾರಿನ ಹೊತ್ತಿಗೆ ಮಾತಾಡಿ ನೋಡಿ. ಪೌತಿ ಖಾತೆಯ ಅರ್ಜಿಗೆ ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಪಹಣಿ. ಗ್ರಾಮ ಆಡಳಿತಾಧಿಕಾರಿಯಿಂದಲೇ ಕೆಲಸ ಶುರುಮಾಡಬಹುದು.