ಪೂಜೆಯಾದ ಕಾರು, ಇಳಿಯುವ ಪೆಡಲ್

ಆಯುಧಪೂಜೆಯ ದಿನ ಮೈಸೂರಿನ ಗ್ಯಾರೇಜುಗಳಲ್ಲಿ ಸ್ಪ್ಯಾನರಿಗೂ ಜಾಕಿಗೂ ಕುಂಕುಮ. ಹಳೆಯ ಅಂಬಾಸಡರ್, ಪದ್ಮಿನಿಗಳು ಬಾಳೆಕಂದು ಕಟ್ಟಿಸಿಕೊಂಡು, ಚಕ್ರದಡಿಯ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಚಾಮುಂಡಿಬೆಟ್ಟಕ್ಕೆ ಹೊರಡುತ್ತವೆ. ಬ್ರೇಕ್ ಪೆಡಲ್ ತೀರಾ ಕೆಳಗೆ ಹೋಗುತ್ತಿದ್ದರೂ ‘ತಾಯಿ ನೋಡ್ಕೋತಾಳೆ ಬಿಡಿ’ ಎನ್ನುವವರುಂಟು. ದೇವರನ್ನು ನಂಬಿದವರು ಪೆಡಲನ್ನು ಸಂಶಯಿಸಬಾರದೆ?

ನ್ಯಾಯದರ್ಶನ ಹಾಗೆನ್ನುವುದಿಲ್ಲ. ಗೌತಮನ ಮೊದಲ ಸೂತ್ರ ಎಣಿಸುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಸಂಶಯವಿದೆ. ಅವುಗಳ ತಿಳಿವಳಿಕೆಯಿಂದಲೇ ನಿಃಶ್ರೇಯಸ, ಅಂದರೆ ಪರಮ ಶ್ರೇಯಸ್ಸು, ಎಂಬುದು ಆ ಸೂತ್ರದ ಮಾತು. ತರ್ಕದಿಂದಲೇ ಈಶ್ವರನನ್ನು ಸಾಧಿಸಹೊರಟ ಉದಯನನೂ ಇದೇ ಪರಂಪರೆಯವನು. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣನವರು 1932ರ ತಮ್ಮ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಯಲ್ಲಿ ಈ ದರ್ಶನಕ್ಕೆ ವೈಶೇಷಿಕದ ಜೊತೆ ಒಂದು ಅಧ್ಯಾಯವನ್ನೇ ಕೊಟ್ಟರು.

ಈ ದರ್ಶನದ ಉದಾಹರಣೆ ನೋಡಿ: ಹೊಗೆಯಿದ್ದಲ್ಲಿ ಬೆಂಕಿಯುಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಕೆಂಪಗೆ ಕಾದ ಕಬ್ಬಿಣದ ಗುಂಡು ಹೊಗೆಯಾಡುವುದಿಲ್ಲ. ಹಸಿ ಸೌದೆ ಬೇಕು. ಇಂಥ ಹೆಚ್ಚುವರಿ ಷರತ್ತನ್ನು ನೈಯಾಯಿಕರು ಉಪಾಧಿ ಎಂದರು. ಬ್ರೇಕ್ ಪೈಪಿಗೆ ಗಾಳಿ ಸೇರಿದರೆ ಪೆಡಲ್ ಇಳಿಯುತ್ತದೆ, ನಿಜ. ಪೆಡಲ್ ಇಳಿದದ್ದಕ್ಕೆಲ್ಲ ಗಾಳಿಯೇ ಕಾರಣವೆಂದು ಏರ್ ತೆಗೆಯಲು ಕೂತರೆ ಬ್ರೇಕ್ ಆಯಿಲ್ ದಂಡ.

ಪಳಗಿದ ಮೆಕ್ಯಾನಿಕ್ ಮೊದಲು ಕಾಲಿನಿಂದಲೇ ಪರೀಕ್ಷಿಸುತ್ತಾನೆ. ಒಮ್ಮೆ ಒತ್ತಿದಾಗ ಆಳಕ್ಕೆ ಹೋದದ್ದು, ತಕ್ಷಣ ಮತ್ತೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ನಿಂತಿತೆ? ಶೂ ಸವೆದು ಡ್ರಮ್ಮಿಗೂ ಅದಕ್ಕೂ ಅಂತರ ಹೆಚ್ಚಿರಬೇಕು. ಅಡ್ಜಸ್ಟ್ ಮಾಡಬೇಕು, ಇಲ್ಲವೇ ಶೂ ಬದಲಿಸಬೇಕು. ಎಷ್ಟು ಒತ್ತಿದರೂ ಮೆತ್ತಗಿದ್ದರೆ ಗಾಳಿಯ ಮೇಲೆ ಗುಮಾನಿ. ಒಂದೇ ಸಮ ಒತ್ತಿ ಹಿಡಿದಾಗ ನಿಧಾನವಾಗಿ ಜಾರುತ್ತಾ, ಆಯಿಲ್ ಎಲ್ಲೂ ಸೋರದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಸೋತಿರುತ್ತದೆ. ಆಯಿಲ್ ಮಟ್ಟವೇ ಇಳಿಯುತ್ತಿದ್ದರೆ ಚಕ್ರಗಳ ಒಳಬದಿ ಒದ್ದೆಯಾಗಿದೆಯೇ ನೋಡಬೇಕು.

ಬೆಟ್ಟದ ಇಳಿಜಾರಿನದು ಬೇರೆಯೇ ಕಥೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್-3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ್ದಕ್ಕೆ ಆ ಮಿತಿ ಬರೀ 140. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ ಕಾದು, ಹಳೆಯ ಆಯಿಲ್ ಕುದಿದು, ಪೈಪಿನೊಳಗೆ ಆವಿ ಕಟ್ಟುತ್ತದೆ. ಪೆಡಲ್ ನೆಲ ಮುಟ್ಟುತ್ತದೆ. ಹೇಗೋ ಕೆಳಗೆ ಬಂದು ಅರ್ಧ ಗಂಟೆ ನಿಂತರೆ ಆವಿ ಮತ್ತೆ ದ್ರವವಾಗಿ, ಪೆಡಲ್ ಮೊದಲಿನಂತಾಗುತ್ತದೆ. ಪವಾಡವೆಂದು ಕೈಮುಗಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಕೈಮುಗಿಯಲಿ, ತಪ್ಪೇನಿಲ್ಲ. ಸಾಕ್ಷಿ ಆರಿಹೋಯಿತೆಂದು ಕಾರಣವೂ ಹೋಯಿತೆಂದುಕೊಳ್ಳುವುದು ಮಾತ್ರ ಭಕ್ತಿಯಲ್ಲ, ಸೋಮಾರಿತನ.

ಈ ದಸರೆಗೆ ಹಳೆಯ ಕಾರು ತೊಳೆಸುವವರು ಬ್ರೇಕ್ ಆಯಿಲನ್ನೂ ಬದಲಿಸಲಿ, ಬೆಟ್ಟವನ್ನು ಎರಡನೇ ಗೇರಿನಲ್ಲಿ ಇಳಿಯಲಿ.